ಬೆಳ್ಳುಳ್ಳಿ ಸಿಪ್ಪೆಯ ಮೇಲೊಂದು ಖಾಲಿ ಆಕಾಶ

ಎನ್ಸೆನಾದಾ,
ಮಂಗಳವಾರ, 15 ಅಕ್ಟೋಬರ್ 1996

ಪ್ರೀತಿಯ ಲಿಸಾಂದ್ರೋ,

‘ಪ್ರೀತಿಯ’ ಎಂಬುದನ್ನು ರೂಢಿಗಾಗಿ ಬರೆದಿದ್ದೇನೆ, ಅದನ್ನು ಓದಿ ಹಿಗ್ಗಬೇಡ. ಹೇಗಿದ್ದೀಯ? ಕೆಮ್ಮು ನಿಂತಿತೇ? ಬೆಟ್ಟದ ಮೇಲೆ ಆಗಲೇ ಬಕೆಟ್ಟಿನ ನೀರು ಹೆಪ್ಪುಗಟ್ಟುತ್ತಿದೆಯಂತೆ, ಬೆಟ್ಟಕ್ಕೆ ಗಾಡಿ ಓಡಿಸುವ ರುಫಿನೋ ಹೇಳಿದ. ದೂರದರ್ಶಕದ ಗುಮ್ಮಟದೊಳಗೆ ಹೋಗುವಾಗ ಹಸಿರು ಸ್ವೆಟರಿನ ಮೇಲೆ ದಪ್ಪ ಕೋಟನ್ನೂ ಹಾಕಿಕೋ, ಒಂದೇ ಸಾಕೆಂದು ಶೂರನಂತೆ ಮೆರೆಯಬೇಡ. ಅಡುಗೆಯವನು ಈಗಲೂ ಮೂರು ಹೊತ್ತು ಬೀನ್ಸ್ ಕಾಳನ್ನೇ ಬಡಿಸುತ್ತಿದ್ದಾನೆಯೇ? ಹಾಗಿದ್ದರೆ ಊಟದ ನಂತರ ಸ್ವಲ್ಪ ಓಡಾಡು, ನಿನ್ನ ಹೊಟ್ಟೆಯ ಸಮಾಚಾರ ನನಗೆ ಗೊತ್ತು. ಹೆಂಡತಿಯಾದವಳು ಕೇಳಬೇಕಾದ್ದನ್ನೆಲ್ಲ ಕೇಳಿದ್ದಾಯಿತು. ಇಲ್ಲಿಂದ ಮುಂದೆ ಬರೆಯುತ್ತಿರುವವಳು, ನೀನು ಯಾರ ನೀಹಾರಿಕೆಯನ್ನು ಹಾಳು ಮಾಡಿ ಬಂದೆಯೋ ಆ ವಿದ್ಯಾರ್ಥಿನಿ.

ಮಗಳ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಸಿಟ್ಟಿನಲ್ಲಿ ಮರೆತುಹೋದೀತು. ನೊಎಮಿ ಚೆನ್ನಾಗಿದ್ದಾಳೆ. ಕುತ್ತಿಗೆ ನಿಲ್ಲಿಸಲು ಒದ್ದಾಡುತ್ತಾಳೆ, ಬಂದರಿನ ಕಡಲಸಿಂಹಗಳು ಬೊಗಳಿದರೆ ಕಣ್ಣು ಅಗಲಿಸಿ ಕೇಳಿಸಿಕೊಳ್ಳುತ್ತಾಳೆ, ನಿದ್ದೆಯಲ್ಲಿ ನಿನ್ನ ಹಾಗೆಯೇ ಹುಬ್ಬು ಗಂಟಿಕ್ಕುತ್ತಾಳೆ. ಮೊನ್ನೆಯವರೆಗೆ ಅದು ನನಗೆ ಮುದ್ದಾಗಿ ಕಾಣುತ್ತಿತ್ತು. ನನ್ನ ಬಾಣಂತನ ನಿನ್ನ ಅಮ್ಮನ ಕಾಯಿದೆಯ ಪ್ರಕಾರ ನಡೆದಿದೆ. ನಲವತ್ತು ದಿನ ಹೊಸಿಲು ದಾಟಬಾರದು, ತಲೆಗೆ ಶಾಲು, ಕಿವಿಗೆ ಹತ್ತಿ, ಹೊಟ್ಟೆಗೆ ಉಸಿರು ಕಟ್ಟುವ ಪಟ್ಟಿ, ಖಾರ ಇಲ್ಲ, ಬೀನ್ಸ್ ಇಲ್ಲ, ದಿನಾ ಹೇಟೆಕೋಳಿ ಸಾರು. ಈ ನಲವತ್ತು ದಿನದ ಕಟ್ಟಳೆ ಇಲ್ಲದಿದ್ದರೆ ಸೆಪ್ಟೆಂಬರಿನಲ್ಲಿ ದೂರದರ್ಶಕದಲ್ಲಿ ನನ್ನ ಪಾಲಿಗೆ ಬಂದ ರಾತ್ರಿಗಳಿಗೆ ನಾನೇ ಬೆಟ್ಟ ಹತ್ತುತ್ತಿದ್ದೆ, ನಿನ್ನನ್ನು ಕಳಿಸುವ ಕರ್ಮ ನನಗೇನಿತ್ತು? ಆದರೆ ನಿನ್ನ ಅಮ್ಮ ಬಾಗಿಲಿಗೆ ಅಡ್ಡ ನಿಂತರು. ‘ನಕ್ಷತ್ರ ಎಲ್ಲಿಗೂ ಓಡಿ ಹೋಗಲ್ಲ, ಗರ್ಭಕೋಶಕ್ಕೆ ಗಾಳಿ ಸೇರ್ಕೊಂಡ್ರೆ ಯಾರು ತೆಗೀತಾರೆ?’ ಎಂದರು. ಆಗ ನೀನು ಎದೆ ತಟ್ಟಿಕೊಂಡು ‘ನಾನಿದ್ದೀನಲ್ಲ, ನಾನು ನೋಡ್ಕೊಂಡು ಬರ್ತೀನಿ, ನೀನು ಮಗು ನೋಡ್ಕೋ’ ಎಂದೆ. ನೆನಪಿದೆಯೇ? ನನಗಿದೆ.

ಹೊರಡುವಾಗ ನಾನು ನಿನ್ನ ಹತ್ತಿರ ಕೇಳಿದ್ದು ಒಂದೇ ಒಂದು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡೇ ಬಾಗಿಲವರೆಗೆ ಬಂದು ಹೇಳಿದ್ದೆ: ‘ಸಿಪ್ಪೆ ದಾಟು, ಲಿಸಾಂದ್ರೋ. ಖಾಲಿ ಆಕಾಶಕ್ಕೆ ಹೋಗುವಾಗ ಸಿಪ್ಪೆ ದಾಟಿ ಹೋಗು.’ ನೀನು ಬೂಟಿನ ದಾರ ಕಟ್ಟುತ್ತ ‘ಸರಿ ಸರಿ’ ಎಂದೆ. ಆ ಎರಡು ‘ಸರಿ’ಗಳನ್ನು ನಾನು ನಂಬಿ ಕೂತೆ ನೋಡು, ನನ್ನಂಥ ಪೆದ್ದಿ ಯಾರೂ ಇಲ್ಲ.

ಈ ಕೆಲಸದ ಅಆಇಈಯನ್ನು ನಿನಗೆ ನಾನು ಹೇಳಿಕೊಡಬೇಕೇ? ಹೇಳುತ್ತೇನೆ, ಮರೆತವನಿಗೆ ಹೇಳಬೇಕಾಗುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಎಲ್ಲವೂ ಹೊಳೆಯುತ್ತದೆ. ಆಕಾಶ ಹೊಳೆಯುತ್ತದೆ, ದೂರದರ್ಶಕದ ಕಬ್ಬಿಣ ಹೊಳೆಯುತ್ತದೆ, ಪಕ್ಕದಲ್ಲಿ ಕಾಫಿ ಹಿಡಿದು ನಿಂತ ನೀನೂ ಹೊಳೆಯುತ್ತೀಯ. ಆ ಬೆಂಕಿಯೊಳಗೆ ನೀಹಾರಿಕೆಯ ಬೆಳಕು ಹಗಲಲ್ಲಿ ಹಚ್ಚಿದ ಮೇಣದಬತ್ತಿ. ಅದಕ್ಕಾಗಿ ಒಮ್ಮೆ ನೀಹಾರಿಕೆಯನ್ನು ನೋಡಬೇಕು, ಒಮ್ಮೆ ಪಕ್ಕದ ಖಾಲಿ ಆಕಾಶವನ್ನು ನೋಡಬೇಕು, ಅದರಿಂದ ಇದನ್ನು ಕಳೆಯಬೇಕು. ಉಳಿದದ್ದು ನೀಹಾರಿಕೆಯದು. ಅದನ್ನು ಗೆರೆಗೆರೆಯಾಗಿ ಬಿಡಿಸಿ ಗಂಧಕದ ಗೆರೆ ಎಷ್ಟು ಗಟ್ಟಿ, ಜಲಜನಕದ ಗೆರೆ ಎಷ್ಟು ಗಟ್ಟಿ ಎಂದು ಅಳೆದರೆ, ಇಷ್ಟು ಜಲಜನಕಕ್ಕೆ ಇಷ್ಟು ಗಂಧಕ ಎಂಬ ಲೆಕ್ಕ ಸಿಗುತ್ತದೆ. ನನ್ನ ಇಡೀ ಪ್ರಬಂಧ ಆ ಒಂದು ಲೆಕ್ಕದ ಮೇಲೆ ನಿಂತಿದೆ. ಇದರಲ್ಲಿ ‘ಖಾಲಿ’ ಎಂದು ತೋರಿಸಿದ ಜಾಗ ನಿಜಕ್ಕೂ ಖಾಲಿ ಇರಬೇಕು. ಇಷ್ಟೇ ಷರತ್ತು. ನಮ್ಮ ಬೆಳ್ಳುಳ್ಳಿ ನೀಹಾರಿಕೆಗೋ ಸುತ್ತಲೂ ಸಿಪ್ಪೆ ಇದೆ, ಕಣ್ಣಿಗೆ ಬೀಳದಷ್ಟು ತೆಳು, ಆದರೆ ತುಂಬ ದೂರದವರೆಗೆ ಹರಡಿದ ಜಲಜನಕದ ಸಿಪ್ಪೆ. ಗಂಧಕದ ಆ ಗೆರೆ ನಕ್ಷತ್ರದ ಕಾವು ತಾಗುವ ಒಳಗಿನ ಎಸಳುಗಳಿಂದ ಮಾತ್ರ ಬರುತ್ತದೆ, ಸಿಪ್ಪೆಯಿಂದ ಬರುವುದಿಲ್ಲ.

ಆ ಸಿಪ್ಪೆಯನ್ನು ಮೊದಲು ಕಂಡವನು ಯಾರು? ನಾನಲ್ಲ, ನನ್ನ ಮಾರ್ಗದರ್ಶಕರಾದ ಡಾಕ್ಟರ್ ಅರ್ಮೆಂತಾ ಅಲ್ಲ, ನೀನು! ನಾವಿನ್ನೂ ಮದುವೆಯಾಗಿರಲಿಲ್ಲ. ಎಲ್ಲರೂ ಊಟಕ್ಕೆ ಹೋಗಿದ್ದರು. ನಾನು ತುಂಬ ಹೊತ್ತು ಬೆಳಕು ಹಿಡಿಯುವ ದೀರ್ಘ ಚಿತ್ರ ತೆಗೆಯುತ್ತ ಕೂತಿದ್ದೆ, ನೀನು ನನಗೆ ರೊಟ್ಟಿ ತಂದುಕೊಡುವ ನೆಪದಲ್ಲಿ ಬಂದು ನಿಂತಿದ್ದೆ. ಪರದೆಯ ಮೇಲೆ ಚಿತ್ರ ಮೂಡಿದಾಗ ನನ್ನ ತಲೆಯ ಮೇಲಿಂದ ಬಗ್ಗಿ, ‘ಅಯ್ಯೋ, ಸಿಪ್ಪೆ ನೋಡೇ ಗ್ರಿಸೆಲ್ದಾ! ಸುಲಿಯದ ಬೆಳ್ಳುಳ್ಳಿ!’ ಎಂದೆ. ಆವತ್ತಿಂದ, ಪಟ್ಟಿಯಲ್ಲಿ ಬರೀ ಒಂದು ಅಂಕೆಯಾಗಿದ್ದ ಆ ನೀಹಾರಿಕೆಗೆ ಇಡೀ ಬೆಟ್ಟದಲ್ಲಿ ಬೆಳ್ಳುಳ್ಳಿ ಎಂದೇ ಹೆಸರು. ನಾನು ನಿನ್ನನ್ನು ಮದುವೆಯಾಗಲು ಒಪ್ಪಿದ್ದಕ್ಕೆ ಆ ಸಿಪ್ಪೆಯೂ ಒಂದು ಕಾರಣ, ಇವನಿಗೆ ಕಣ್ಣಿದೆ ಅಂದುಕೊಂಡೆ. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಮಾತ್ರ ಬರೆಯಬೇಡ. ಗೊತ್ತಿಲ್ಲದವನು ಮಾಡಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಗೊತ್ತಿದ್ದವನು ಮಾಡಿದ್ದೀಯ, ಅದಕ್ಕೇ ಮೈಯೆಲ್ಲ ಉರಿಯುತ್ತಿದೆ.

ಸೆಪ್ಟೆಂಬರಿನಲ್ಲಿ ನೀನು ಕೆಳಗೆ ಇಳಿದು ಬಂದಾಗ ಏನಾಯಿತು ಹೇಳು. ಅಳತೆಗಳಿದ್ದ ಟೇಪುಗಳನ್ನು ನನ್ನ ಮಡಿಲಲ್ಲಿ ಹಾಕಿ, ಹಬ್ಬದ ಉಡುಗೊರೆ ತಂದವನ ಹಾಗೆ ನಕ್ಕೆ. ನಿನ್ನ ಅಮ್ಮ ಮೀನು ಮಾರುಕಟ್ಟೆಗೆ ಹೋದ ಹೊತ್ತು ನೋಡಿ ನಾನು ಶಾಲು ಹೊದ್ದು, ಕಿವಿಯ ಹತ್ತಿ ಕಿವಿಯಲ್ಲೇ ಇಟ್ಟುಕೊಂಡು, ಕಳ್ಳಿಯ ಹಾಗೆ ನಮ್ಮ ಖಗೋಳ ಸಂಸ್ಥೆಗೆ ಓಡಿ ಲೆಕ್ಕ ಹಾಕಿದೆ. ಮನೆಯಲ್ಲಿ ನೀನು ಮಗು ಎತ್ತಿಕೊಂಡು ಕೂತೆ. ಆ ಉಪಕಾರವನ್ನು ಇಲ್ಲವೆನ್ನುವುದಿಲ್ಲ. ಮೊದಲ ಸಂಖ್ಯೆ ಬಂತು. ಗಂಧಕ, ಯಾವಾಗಲೂ ಬರುವುದಕ್ಕಿಂತ ಎಷ್ಟೋ ಹೆಚ್ಚು! ಡಾಕ್ಟರ್ ಅರ್ಮೆಂತಾ ಏನು ಮಾಡಿದರು ಎಂದು ನಿನಗೆ ಗೊತ್ತು, ಮರುದಿನ ನಿನ್ನ ಅಮ್ಮನ ಕಣ್ಣು ತಪ್ಪಿಸಿ ಮಗು ಎತ್ತಿಕೊಂಡು ನೀನೂ ನನ್ನ ಜೊತೆ ಬಂದಿದ್ದೆ. ಹುಟ್ಟಿದಾಗಿನಿಂದ ಆ ಮನುಷ್ಯನಿಗೆ ಒಂದೇ ಚಿಂತೆ, ಇಂಥ ನೀಹಾರಿಕೆಗಳಲ್ಲಿ ಗಂಧಕ ಯಾಕೆ ಯಾವಾಗಲೂ ಕಡಿಮೆ ಬರುತ್ತದೆ, ಉಳಿದದ್ದು ಎಲ್ಲಿ ಹೋಯಿತು ಎಂದು. ಕಾರಿಡಾರಿನಲ್ಲಿ ನಿಂತು ಕೈ ತಟ್ಟಿದರು. ‘ಕಾಣೆಯಾದ ಗಂಧಕ ಸಿಕ್ತು ಕಣ್ರೋ! ನಮ್ಮ ಹುಡುಗಿ ಹುಡುಕಿಬಿಟ್ಳು!’ ಎಂದು ಕೇಕು ತರಿಸಿದರು. ಖಾರ ತಿನ್ನಬಾರದ ಬಾಣಂತಿ ನಾನು, ಕೇಕಿನ ಮೇಲಿನ ಕೆನೆಯನ್ನೆಲ್ಲ ತಿಂದೆ. ನೀನು ಪಕ್ಕದಲ್ಲಿ ನಿಂತು ಎಲ್ಲರ ಅಭಿನಂದನೆಯನ್ನು ನಗುನಗುತ್ತ ಸ್ವೀಕರಿಸಿದೆ. ‘ಗಂಡ ಹೆಂಡತಿ ಜೋಡಿ ಕೆಲಸ’ ಎಂದರು ಯಾರೋ. ನೀನು ತಲೆ ಆಡಿಸಿದೆ. ನಿನಗೆ ಆಗ ಗೊತ್ತಿತ್ತು. ಬಾಯಿಯಲ್ಲಿ ಕೇಕಿತ್ತು, ಆದ್ದರಿಂದ ಮಾತು ಬರಲಿಲ್ಲ ಅಂದುಕೊಳ್ಳಲೇ?

ನೀನು ನಿನ್ನ ಸರದಿಗೆ ಮತ್ತೆ ಬೆಟ್ಟ ಹತ್ತಿದ ಮೇಲೆ ನಾನು ನೀಹಾರಿಕೆಯ ಅಂಚಿನ ಬೆಳಕನ್ನು ಬಿಡಿಸಲು ಕೂತೆ. ಜಲಜನಕದ ಗೆರೆ ನಡುವಿನಲ್ಲಿ ಎತ್ತರ, ಸರಿ. ಅಂಚಿಗೆ ಬರುತ್ತ ಬರುತ್ತ ತಗ್ಗಬೇಕು, ಸರಿ. ತಗ್ಗಿತು, ಸೊನ್ನೆಯಾಯಿತು, ಆಮೇಲೆ ಸೊನ್ನೆಗಿಂತಲೂ ಕೆಳಗೆ ಇಳಿಯಿತು. ಇಲ್ಲದ ಬೆಳಕಿಗಿಂತ ಕಡಿಮೆ ಬೆಳಕು ಇರುತ್ತದೆಯೇ? ಮೊದಲು ನನ್ನ ಲೆಕ್ಕವೇ ತಪ್ಪು ಅಂದುಕೊಂಡೆ. ಮತ್ತೆ ಮಾಡಿದೆ, ಮತ್ತೆ ಅದೇ ಹಳ್ಳ. ಗಂಧಕದ ಗೆರೆಗೆ ಅಂಥ ಹಳ್ಳವೇ ಇಲ್ಲ. ಆಗ ತಿಳಿಯಿತು. ಕಳೆದ ಆಕಾಶದಲ್ಲಿ ಜಲಜನಕ ಇತ್ತು. ನೀನು ಖಾಲಿ ಎಂದು ನಿಲ್ಲಿಸಿದ್ದು ಸಿಪ್ಪೆಯ ಮೇಲೆ. ನೀಹಾರಿಕೆಯಿಂದ ನೀಹಾರಿಕೆಯನ್ನೇ ಕಳೆದು, ಜಲಜನಕವನ್ನು ಬಡವಾಗಿಸಿ, ಗಂಧಕವನ್ನು ಶ್ರೀಮಂತ ಮಾಡಿದ್ದೀಯ. ಕಾಣೆಯಾದ ಗಂಧಕ ಎಲ್ಲೂ ಸಿಕ್ಕಿರಲಿಲ್ಲ. ನಾನು ತಿಂದ ಕೇಕು ಸುಳ್ಳು ಕೇಕು.

ಆದರೂ ನಿನ್ನ ಪರವಾಗಿ ವಾದ ಹೂಡಿದೆ, ಕೇಳು ನನ್ನ ಬುದ್ಧಿಯನ್ನು. ದೂರದರ್ಶಕ ಕೈಕೊಟ್ಟಿರಬೇಕು, ಮೋಡ ಬಂದಿರಬೇಕು, ಪಾಪ ಅವನಿಗೂ ನಿದ್ದೆಯಿಲ್ಲ ಎಂದು. ಆ ವಾರವೇ ದೊನ್ ಎವರಿಸ್ತೋ ರಜೆಗೆ ಇಳಿದಿದ್ದವರು ಮಗು ನೋಡಲು ಬಂದರು. ಸೆಪ್ಟೆಂಬರಿನಲ್ಲಿ ನಿನ್ನ ಜೊತೆ ದೂರದರ್ಶಕ ಓಡಿಸಿದವರು ಅವರೇ ತಾನೆ? ಒಂದು ಚೀಲ ಪೈನ್ ಬೀಜ ತಂದಿದ್ದರು, ಮಗುವಿನ ಕೆನ್ನೆ ಮುಟ್ಟಿ ನಿನ್ನನ್ನು ಹೊಗಳಲು ಶುರುಮಾಡಿದರು. ‘ನಿಮ್ಮ ಯಜಮಾನ್ರು ಭಾರಿ ಚುರುಕು ಕಣಮ್ಮ ಡಾಕ್ಟರಮ್ಮ! ಬೇರೆಯವರಾಗಿದ್ರೆ ಆಕಾಶ ನೋಡೋಕೆ ಅಂತ ಪ್ರತಿ ಸಲ ಅಷ್ಟು ದೂರ ಓಡಿಸಿ, ವಾಪಸ್ ಬಂದು, ಮತ್ತೆ ನಕ್ಷತ್ರ ಹಿಡಿದು ಅರ್ಧ ಸಂಜೆ ಕಳೀತಿದ್ರು. ಇವ್ರು, “ದೊನ್ ಎವರಿಸ್ತೋ, ಪಕ್ಕದಲ್ಲೇ ಕತ್ತಲೆ ಇದೆಯಲ್ಲ, ಅಲ್ಲೇ ನಿಲ್ಸಿ” ಅಂದ್ರು. ಉಳಿದ ಹೊತ್ತಲ್ಲಿ ತಮ್ಮ ಮರಿನಕ್ಷತ್ರಾನೂ ನೋಡ್ಕೊಂಡ್ರು. ಒಂದೇ ಕಲ್ಲಿಗೆ ಎರಡು ಹಕ್ಕಿ!’ ಪಾಪ ಆ ಮನುಷ್ಯನಿಗೆ ತಾನು ಏನು ಹೇಳುತ್ತಿದ್ದೇನೆಂದು ಗೊತ್ತಿರಲಿಲ್ಲ. ನಾನು ಅವರಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ.

ನಿನ್ನ ಮರಿನಕ್ಷತ್ರ, ಇನ್ನೂ ಹುಟ್ಟುತ್ತಿರುವ ನಿನ್ನ ಆ ನಕ್ಷತ್ರ! ಮೋಡ ನಿನ್ನ ರಾತ್ರಿಗಳನ್ನು ತಿಂದಿತ್ತು, ಒಪ್ಪಿದೆ. ನಿನಗೂ ಪ್ರಬಂಧ ಬರೆಯಬೇಕು, ಒಪ್ಪಿದೆ. ಕೇಳಿದ್ದರೆ ನಾನೇ ಒಂದು ಸಂಜೆ ಬಿಟ್ಟುಕೊಡುತ್ತಿದ್ದೆ. ಆದರೆ ಕೇಳದೆ ತೆಗೆದುಕೊಂಡೆ. ಬಾಣಂತಿ ಮನೆಯಲ್ಲಿ ಸಾರು ಕುಡಿಯುತ್ತ ಮಲಗಿದ್ದಾಳೆ, ಅವಳಿಗೇನು ತಿಳಿಯುತ್ತದೆ ಎಂದು ತಾನೆ? ನನ್ನ ಸಂಜೆಯಿಂದ ನೀನು ಕದ್ದದ್ದು ಒಂದಿಷ್ಟು ಹೊತ್ತು ಮಾತ್ರ ಎಂದು ನಿನ್ನ ಲೆಕ್ಕ. ನೀನು ಕದ್ದ ಆ ಒಂದಿಷ್ಟು ಹೊತ್ತು ಉಳಿದೆಲ್ಲ ಹೊತ್ತನ್ನೂ ಕೆಡಿಸಿತು. ಹಾಲಿಗೆ ಹುಳಿ ಹಿಂಡಿದವನು ಹಿಂಡಿದ್ದು ಎರಡೇ ಹನಿ ಎಂದರೆ ಯಾರು ಕೇಳುತ್ತಾರೆ?

ಇಷ್ಟಾದರೂ ನಾನು ಸಿಟ್ಟು ಮಾಡಿಕೊಂಡಿರಲಿಲ್ಲ. ನಂಬುವುದಾದರೆ ನಂಬು. ಶುಕ್ರವಾರ ಸಂಸ್ಥೆಯ ರೇಡಿಯೋ ಕೋಣೆಗೆ ಹೋಗಿ ನಿನ್ನನ್ನು ಕರೆಸಿದಾಗ ನನ್ನ ದನಿ ಮೆತ್ತಗಿತ್ತು. ಅಂಚಿನಲ್ಲಿ ಜಲಜನಕ ಸೊನ್ನೆಗಿಂತ ಕೆಳಗಿದೆ, ಆಕಾಶ ಎಲ್ಲಿ ತೆಗೆದೆ ಎಂದು ಕೇಳಿದೆ, ಅಷ್ಟೇ. ನೀನು ಏನಂದೆ? ಗರಗರ ಸದ್ದಿನ ನಡುವೆಯೂ ಪ್ರತಿ ಅಕ್ಷರ ಕೇಳಿಸಿತು. ‘ನಿದ್ದೆಗೆಟ್ಟು ನಿನ್ನ ಕಣ್ಣಿಗೆ ಏನೇನೋ ಕಾಣಿಸ್ತಿದೆ ಕಣೇ. ಬಾಣಂತಿ ಸನ್ನಿ ಗಿನ್ನಿ ಹಿಡೀತಾ ಹೇಗೆ? ಸಂಖ್ಯೆ ಚೆನ್ನಾಗಿ ಬಂದಿದೆ, ಡಾಕ್ಟ್ರು ಖುಷಿಯಾಗಿದ್ದಾರೆ, ಸುಮ್ನೆ ಮಲ್ಕೋ ಹೋಗು!’ ರೇಡಿಯೋ ಎಂದರೆ ನಮ್ಮಿಬ್ಬರ ದಿಂಬೇ, ಲಿಸಾಂದ್ರೋ? ಬೆಟ್ಟದ ಅಡುಗೆಮನೆಯಲ್ಲಿ ಕೇಳಿಸಿತು, ಕಾವಲುಗಾರನ ಗುಡಿಸಲಲ್ಲಿ ಕೇಳಿಸಿತು, ಇಲ್ಲಿ ನನ್ನ ಹಿಂದೆ ನಿಂತಿದ್ದವರಿಗೆ ಕೇಳಿಸಿತು. ಯಾರೋ ಮೂಗಿನಲ್ಲಿ ನಕ್ಕರು. ನನ್ನ ಕಿವಿಯಲ್ಲಿ ಹತ್ತಿ, ತಲೆಯ ಮೇಲೆ ಶಾಲು, ರವಿಕೆಯ ಮೇಲೆ ಹಾಲಿನ ಕಲೆ. ನೋಡಿದವರು ನಿನ್ನ ಮಾತನ್ನೇ ನಂಬಿದರು. ಮಾಡಿದ ತಪ್ಪು ಒಂದು, ಅದನ್ನು ಮುಚ್ಚಲು ನನಗೆ ಹುಚ್ಚಿಯ ಪಟ್ಟ ಕಟ್ಟಿದ್ದು ಇನ್ನೊಂದು. ಮೊದಲನೆಯದನ್ನು ಕ್ಷಮಿಸಬಲ್ಲೆ. ಎರಡನೆಯದನ್ನು ಕ್ಷಮಿಸಲು ನನಗೆ ಇನ್ನೂ ಕೆಲವು ವರ್ಷ ಬೇಕು.

ಅಲ್ಲಿಂದ ನೇರ ಡಾಕ್ಟರ್ ಅರ್ಮೆಂತಾ ಅವರ ಕೋಣೆಗೆ ಹೋದೆ. ಹಳ್ಳ ತೋರಿಸಿದೆ. ಅವರು ಕನ್ನಡಕ ಏರಿಸಿ ಇಳಿಸಿ ‘ಮಗಳೇ, ಅದು ಉಪಕರಣದ ಚೇಷ್ಟೆ. ಅಂಚು ಕತ್ತರಿಸಿ ಬಿಸಾಕು, ನಡುವಿನದ್ದನ್ನ ಇಟ್ಕೋ’ ಎಂದರು. ನಡುವಿನ ಜಲಜನಕದಿಂದಲೂ ಸಿಪ್ಪೆ ಕಳೆದುಹೋಗಿದೆ ಸಾರ್ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಮನುಷ್ಯ ಕೆಟ್ಟವರಲ್ಲ, ಕಾಣೆಯಾದದ್ದು ಸಿಕ್ಕಿತೆಂದುಕೊಂಡು ಮತ್ತೆ ಕಳೆದುಕೊಳ್ಳುವುದು ಆ ವಯಸ್ಸಿನಲ್ಲಿ ಕಷ್ಟ. ಕೊನೆಗೆ ಹೇಳಿದರು: ‘ಮತ್ತೆ ನೋಡ್ಬೇಕು ಅಂದ್ರೆ ಬರೋ ವಾರವೇ ನೋಡ್ಬೇಕು. ಬೆಳ್ಳುಳ್ಳಿ ಸಂಜೆಗೇ ಪಡುವಣಕ್ಕೆ ಜಾರ್ತಿದೆ, ತಪ್ಪಿದ್ರೆ ಮುಂದಿನ ವರ್ಷ. ಆದ್ರೆ ಆ ವಾರದ ರಾತ್ರಿಗಳು ನಿನ್ನ ಗಂಡನದು. ಅವನು ಕೊಟ್ರೆ ತಗೋ. ಒಬ್ಬರ ರಾತ್ರಿ ಕಿತ್ತು ಇನ್ನೊಬ್ಬರಿಗೆ ನಾನು ಇವತ್ತಿನವರೆಗೂ ಕೊಟ್ಟಿಲ್ಲ, ಕೊಡೋದೂ ಇಲ್ಲ.’ ನನ್ನ ಪ್ರಬಂಧದ ಪರೀಕ್ಷೆ ನವೆಂಬರಿನಲ್ಲಿ. ಸರಿಯಾದ ಸಂಖ್ಯೆ ಇಲ್ಲದಿದ್ದರೆ ನಾನು ಪರೀಕ್ಷೆಗೆ ಕೂರುವುದಿಲ್ಲ, ಅದನ್ನು ಅವರಿಗೆ ಅಲ್ಲೇ ಹೇಳಿದೆ. ಸುಳ್ಳು ಸಂಖ್ಯೆ ಹಿಡಿದುಕೊಂಡು ಡಾಕ್ಟರಮ್ಮ ಎನ್ನಿಸಿಕೊಳ್ಳುವುದಕ್ಕಿಂತ ನಿನ್ನ ಅಮ್ಮನ ಅಂಗಡಿಯಲ್ಲಿ ಮೀನು ಹೆರೆಯುವುದು ಮೇಲು.

ಮನೆಗೆ ಬಂದರೆ ನಿನ್ನ ಅಮ್ಮ ನನಗಿಂತ ಮೊದಲೇ ಬಂದು ಕೂತಿದ್ದರು, ಮಗು ತೊಡೆಯ ಮೇಲೆ. ಪಕ್ಕದ ಮನೆಯವಳ ಹತ್ತಿರ ಮಗು ಬಿಟ್ಟು ಹೋಗಿದ್ದು, ಹೊಸಿಲು ದಾಟಿದ್ದು, ಎಲ್ಲವೂ ಬಯಲಾಯಿತು. ಕಾಂದೆಲಾರಿಯಾ ಅತ್ತೆಯ ಬಾಯಿ ಹೇಗೆ ಎಂದು ನಿನಗೆ ಹೇಳಬೇಕಿಲ್ಲ, ಮೀನು ಮಾರುಕಟ್ಟೆಯ ಎರಡೂ ತುದಿಗೆ ಕೇಳಿಸುವ ಬಾಯಿ. ‘ಗಾಳಿಗೆ ಹೋಗಿದ್ಯಾ! ಶಾಲು ಯಾಕೆ ಜಾರಿದೆ? ಪಟ್ಟಿ ಯಾಕೆ ಸಡಿಲ?’ ಎಂದು ಶುರುವಾದವರು, ನಾನು ಅಳುವುದು ನೋಡಿ ಅರ್ಧಕ್ಕೆ ನಿಲ್ಲಿಸಿದರು. ಏನಾಯಿತು ಎಂದರು. ಅವರಿಗೆ ನೀಹಾರಿಕೆ ಹೇಗೆ ಹೇಳುವುದು? ಅವರ ತಕ್ಕಡಿಯಿಂದಲೇ ಹೇಳಿದೆ. ಅತ್ತೆ, ಬೋಗುಣಿಯಲ್ಲಿ ಕಪ್ಪೆಚಿಪ್ಪೂ ಸೀಗಡಿಯೂ ಬೆರೆತಿದೆ ಅನ್ನಿ. ಯಾವುದು ಎಷ್ಟಿದೆ ಎಂದು ತಿಳಿಯಬೇಕು. ಮೊದಲು ಖಾಲಿ ಬೋಗುಣಿ ತೂಗಿ ಆ ತೂಕ ಕಳೆಯಬೇಕಲ್ಲ? ನಿಮ್ಮ ಮಗ ಖಾಲಿ ಎಂದು ತೂಗಿದ ಬೋಗುಣಿಯಲ್ಲಿ ಹಿಡಿ ತುಂಬ ಚಿಪ್ಪು ಹಾಗೇ ಬಿಟ್ಟಿದ್ದ. ಈಗ ಲೆಕ್ಕದಲ್ಲಿ ಚಿಪ್ಪು ಕಡಿಮೆ, ಸೀಗಡಿ ಹೆಚ್ಚು. ಕೇಳಿದರೆ ನನಗೆ ಸನ್ನಿ ಎನ್ನುತ್ತಾನೆ.

ನಾನು ನಿನ್ನ ಅಮ್ಮನ ಮುಖ ಅಷ್ಟು ಕೆಂಪಾದದ್ದು ನೋಡಿಯೇ ಇರಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟು ಎದ್ದು ನಿಂತರು. ‘ನನ್ನ ಮಗ? ಖಾಲಿ ಬೋಗುಣಿ ಅಂತ ಚಿಪ್ಪು ಬಿಟ್ಟು ತೂಗಿದ್ನಾ?’ ಎಂದರು. ನಿಧಾನವಾಗಿ ಹೇಳಿದರು, ಅದೇ ಹೆದರಿಕೆ. ‘ಅವರಪ್ಪ ಒಂದೇ ಒಂದ್ಸಲ ಹೀಗೆ ತೂಗಿದ್ದಕ್ಕೆ ತಕ್ಕಡಿ ಅವರ ಕೈಯಿಂದ ಕಿತ್ಕೊಂಡೆ. ಸಾಯೋವರೆಗೂ ಮತ್ತೆ ಮುಟ್ಟೋಕೆ ಬಿಡಲಿಲ್ಲ. ಇವನು ಅದನ್ನ ನೋಡ್ಕೊಂಡೇ ಬೆಳೆದಿದ್ದು!’ ಆಮೇಲೆ ಸೆರಗಿನಂತೆ ಶಾಲು ಕೊಡವಿ, ‘ಸನ್ನಿಯಂತೆ, ಸನ್ನಿ! ಹೆತ್ತವಳಿಗೆ ಸನ್ನಿ ಅಂತಾನಾ? ಸಿಗಲಿ ಕೈಗೆ’ ಎಂದು ಒಲೆಯ ಮೇಲಿನ ಸಾರನ್ನು ಎಷ್ಟು ಜೋರಾಗಿ ಕಲಕಿದರು ಎಂದರೆ ಅರ್ಧ ಒಲೆಗೇ ಹೋಯಿತು. ನಾನು ಅಳುವುದನ್ನು ಬಿಟ್ಟು ನಕ್ಕೆ. ನಿನ್ನ ಅಮ್ಮನೂ ನಕ್ಕರು, ಆದರೆ ಆ ನಗು ನಿನಗೆ ಒಳ್ಳೆಯದಲ್ಲ.

ಈಗ ನನಗೆ ಬೇಕಾದ್ದನ್ನು ಬರೆಯುತ್ತೇನೆ, ಗಮನವಿಟ್ಟು ಓದು. ಈ ವಾರದಲ್ಲಿ ಉಳಿದಿರುವ ನಿನ್ನ ರಾತ್ರಿಗಳು ನನಗೆ ಬೇಕು. ದೂರದರ್ಶಕಕ್ಕೆ ಈಗ ನಿನ್ನ ಕ್ಯಾಮೆರಾ ಕಟ್ಟಿದೆ ಎಂದು ಗೊತ್ತು. ಅದನ್ನು ಇಳಿಸಿ ವರ್ಣಪಟಲದ ಯಂತ್ರ ಕಟ್ಟಿ ತಣ್ಣಗಾಗಿಸುವುದರಲ್ಲೇ ಒಂದು ದಿನ ಹೋಗುತ್ತದೆ, ಮತ್ತೆ ನಿನ್ನ ಕ್ಯಾಮೆರಾ ಈ ಸರದಿಯಲ್ಲಿ ಮೇಲೆ ಹೋಗುವುದಿಲ್ಲ, ನಿನ್ನ ಮರಿನಕ್ಷತ್ರ ಚಳಿಗಾಲದವರೆಗೆ ಕಾಯಬೇಕು. ಎಲ್ಲ ಗೊತ್ತು. ಅದು ಚಳಿಗಾಲದಲ್ಲೂ ಇರುತ್ತದೆ. ಬೆಳ್ಳುಳ್ಳಿ ಇರುವುದಿಲ್ಲ. ನನಗೆ ಉಪಕಾರ ಮಾಡುತ್ತಿದ್ದೇನೆ ಎಂಬ ಮುಖ ಮಾಡಿಕೊಂಡು ಕೊಡಬೇಡ, ತೆಗೆದುಕೊಂಡದ್ದನ್ನು ವಾಪಸು ಇಡುವವರು ಮಾಡುವ ಮುಖ ಮಾಡು. ಮತ್ತೆ, ಡಾಕ್ಟರಿಗೆ ಆಕಾಶವನ್ನು ಎಲ್ಲಿ ತೆಗೆದೆ ಎಂದು ನೀನೇ ಹೇಳಬೇಕು, ರೇಡಿಯೋದಲ್ಲಿ, ಎಲ್ಲರೂ ಕೇಳುವ ಹೊತ್ತಿನಲ್ಲಿ. ಅಡುಗೆಯವನಿಗೂ ಕೇಳಿಸಲಿ. ಸನ್ನಿಯ ಮಾತು ಎಷ್ಟು ಕಿವಿಗೆ ಬಿತ್ತೋ ಅಷ್ಟೂ ಕಿವಿಗೆ ಇದೂ ಬೀಳಬೇಕು. ಹಾಗೆಯೇ, ರಾತ್ರಿ ಕೆಡಿಸಿದವರು ಮರುದಿನ ಎಲ್ಲರ ಪಾತ್ರೆ ತೊಳೆಯಬೇಕು ಎಂದು ಬೆಟ್ಟದಲ್ಲಿ ಕಾನೂನು ಮಾಡಿದವನು ನೀನು, ಹೊಸ ಹುಡುಗರನ್ನೆಲ್ಲ ತೊಳೆಸಿದ್ದೀಯ. ನೀನು ಕೆಡಿಸಿದ್ದು ನನ್ನ ಇಡೀ ಸರದಿಯನ್ನು. ಸಾಬೂನು ಇದೆಯೇ ನೋಡಿಕೋ.

ಇಲ್ಲ ಎಂದು ಹೇಳುವ ಹಕ್ಕು ನಿನಗಿದೆ. ರಾತ್ರಿಗಳು ನಿನ್ನವು, ಡಾಕ್ಟರ್ ಹೇಳಿದ್ದು ಸರಿ. ಆದರೆ ಇಲ್ಲ ಎಂದರೆ ಆ ಸಂಖ್ಯೆಯ ಕೆಳಗೆ ನನ್ನ ಹೆಸರು ಇರುವುದಿಲ್ಲ, ಒಂದು ವರ್ಷ ಕಾದು ಮತ್ತೆ ನಾನೇ ನೋಡುತ್ತೇನೆ, ಆ ವರ್ಷವಿಡೀ ನೀನು ಮನೆಯಲ್ಲಿ ನನ್ನ ಎದುರು ಕೂತು ಊಟ ಮಾಡಬೇಕು. ಮಗಳು ದೊಡ್ಡವಳಾದ ಮೇಲೆ ಅವಳಿಗೆ ಬೆಳ್ಳುಳ್ಳಿಯ ಚಿತ್ರ ತೋರಿಸುತ್ತೇನೆ. ಇದರ ಸಿಪ್ಪೆಯನ್ನು ಮೊದಲು ಕಂಡದ್ದು ನಿಮ್ಮಪ್ಪ ಎಂದು ಹೇಳುತ್ತೇನೆ. ಅದರ ಮುಂದಿನ ವಾಕ್ಯ ಏನಿರಬೇಕು ಎಂಬುದು ಈ ವಾರ ನಿನ್ನ ಕೈಯಲ್ಲಿದೆ.

ಬರೆದು ಬರೆದು ಕೈ ಸೋತಿತು, ಸಿಟ್ಟು ಸೋತಿಲ್ಲ. ಮರುಭೂಮಿಯ ಒಣಗಾಳಿ ಬೀಸಲು ಶುರುವಾಗಿದೆ, ಇಲ್ಲಿ ಎಲ್ಲರಿಗೂ ತುಟಿ ಒಡೆದಿದೆ. ಅವಕೆಂಪಿಗೆ ಇದಕ್ಕಿಂತ ಒಳ್ಳೆಯ ಹವೆ ಬೇಕೇ? ನಿನ್ನ ತುಟಿಗೂ ಕೊಬ್ಬು ಹಚ್ಚಿಕೋ. ಮೇಲಿರುವ ಎಲ್ಲರಿಗೂ ನನ್ನ ನಮಸ್ಕಾರ ಹೇಳು, ದೊನ್ ಎವರಿಸ್ತೋ ಅವರನ್ನು ಬೈಯಬೇಡ, ಅವರು ನಿನ್ನನ್ನು ಹೊಗಳಿದ್ದು ಮಾತ್ರ. ಪವಿತ್ರ ಮಾತೆ ನಿನ್ನ ಎದೆಯನ್ನು ಕೆಮ್ಮಿನಿಂದ ಕಾಪಾಡಲಿ, ನಿನ್ನ ಬುದ್ಧಿಯನ್ನು ನಾನು ನೋಡಿಕೊಳ್ಳುತ್ತೇನೆ.

ಇನ್ನೂ ನಿನ್ನವಳೇ ಆದ,
ಗ್ರಿಸೆಲ್ದಾ

ಮರೆತದ್ದು: ಅಕ್ಷರ ಕುಣಿಯುತ್ತಿದ್ದರೆ ಕ್ಷಮಿಸು, ಗಾಡಿ ಕುಲುಕುತ್ತಿದೆ. ಬೆಳಿಗ್ಗೆ ರುಫಿನೋ ಕೈಗೆ ಈ ಪತ್ರ ಕೊಡಲು ಬಾಗಿಲಿಗೆ ಹೋದೆ. ಹಿಂದಿನಿಂದ ನಿನ್ನ ಅಮ್ಮ ‘ಕಾಗದ ಕಳಿಸಿದ್ರೆ ಅವನು ಓದಿ ಮಡಚಿಟ್ಕೋತಾನೆ, ನಡಿ’ ಎಂದರು. ನಲವತ್ತಕ್ಕೆ ಇನ್ನೂ ಬಾಕಿಯಿದೆ ಅತ್ತೆ ಎಂದೆ. ‘ಬಾಕಿ ನಾನು ತುಂಬ್ಕೊಡ್ತೀನಿ’ ಎಂದು ಪಟ್ಟಿಯನ್ನು ಇನ್ನೊಂದು 
ಸುತ್ತು ಬಿಗಿದರು, ಹೊಸ ಹತ್ತಿ ತುರುಕಿದರು, ಸಾರಿನ ಪಾತ್ರೆಯನ್ನೂ ಗಾಡಿಗೆ ಹತ್ತಿಸಿದರು. ಹಿಂದೆ ಯಂತ್ರ ತಣ್ಣಗಾಗಿಸುವ ದ್ರವ ಹೀಲಿಯಂ ಹಂಡೆ, ಮುಂದೆ ರುಫಿನೋ ಪಕ್ಕದಲ್ಲಿ ನಾನು, ನಿನ್ನ ಅಮ್ಮ, ನೊಎಮಿ. ಟಾರು ರಸ್ತೆ ಮುಗಿದು ಪೈನ್ ಮರ ಶುರುವಾಗಿದೆ. ಈ ಕಾಗದವನ್ನು ರುಫಿನೋ ನಿನ್ನ ಕೈಗೆ ಕೊಟ್ಟಾಗ ನಾವು ಗುಮ್ಮಟದ ಕೆಳಗೆ ಗಾಡಿಯಲ್ಲೇ ಕೂತಿರುತ್ತೇವೆ, ನೀನು ಕೊನೆಯ ಸಾಲಿನವರೆಗೆ ಓದಿ ಮುಗಿಸುವವರೆಗೆ ಇಳಿಯುವುದಿಲ್ಲ. ಕೊಡುವುದಾದರೆ ಕ್ಯಾಮೆರಾ ಬಿಚ್ಚಲು ಹೇಳಿ ಕೆಳಗೆ ಬಾ. ಬರುವ ಮುನ್ನ ಕೈ ತೊಳೆದುಕೋ, ಯಂತ್ರದ ಜಿಡ್ಡು ಇರುತ್ತದೆ. ದೂರದರ್ಶಕ ನನ್ನ ಕೈಗೆ ಬಂದ ಮೇಲೆ ಮಗುವನ್ನು ನೀನೇ ಹಿಡಿದುಕೊಳ್ಳಬೇಕು.